ಲಕ್ಕಿಸೊಪ್ಪಿನ ನೀರು

ನಾಲ್ಕನೆಯ ಕೊಡವನ್ನು ಹಂಡೆಗೆ ಸುರಿದು ತಿಪ್ಪೇಶಪ್ಪ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಭೀಮಕ್ಕ ಒಂದು ತೆಕ್ಕೆ ಲಕ್ಕಿಸೊಪ್ಪನ್ನು ತಂದು ನೀರಿಗೆ ತುರುಕಿದಳು.

"ಹೆಣದ ನೀರಿಗೆ ಯಾಕೆ ಭೀಮಕ್ಕ ಲಕ್ಕಿಸೊಪ್ಪು? ಅದು ಬಾಣಂತೇರಿಗೆ ಅಲ್ವಾ?" ಒಲೆಯ ಮುಂದೆ ಕೂತಿದ್ದ ಅವನ ತಮ್ಮ ಜಯಪ್ಪ ಕೇಳಿದ.

"ನಿಮ್ಮವ್ವನೇ ಹೇಳಿದ್ದು ಕಣಪ್ಪ. ಊರ ಬಾಣಂತೇರಿಗೆಲ್ಲ ನಾನು ಹಾಕಿದ ನೀರು ಕಡೀಗೆ ಒಂದ್ಸಲ ನನಗೂ ಹಾಕ್ರಿ ಅಂದಿದ್ಲು. ಸುಮ್ನೆ ಉರಿ ಹಾಕು ನೀನು."

ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ಅವರವ್ವ ಅಂತರಘಟ್ಟಮ್ಮನ ಹೆಣದ ಮುಂದೆ ತ್ಯಾವಣಿಗೆಯ ಅರ್ಧ ಊರು ನೆರೆದಿತ್ತು. ಅಲ್ಲಿದ್ದವರಲ್ಲಿ ಮೂವತ್ತು ದಾಟದವರ ಪೈಕಿ ಹೆಚ್ಚಿನವರು ಭೂಮಿಗೆ ಬಿದ್ದದ್ದೇ ಅವಳ ಅಂಗೈಗೆ. ಮಕ್ಕಳ ಕೆಮ್ಮು, ಹೆಂಗಸರ ಸೊಂಟನೋವು, ಗಂಡಸರು ಯಾರಿಗೂ ಹೇಳಲಾರದ ನೋವು, ಎಲ್ಲಕ್ಕೂ ಅವಳ ಹತ್ತಿರ ಒಂದು ಬೇರು, ಒಂದು ಚಕ್ಕೆ, ಒಂದು ಬೈಗುಳ ಇರುತ್ತಿತ್ತು. ಬೈಗುಳವೇ ಅರ್ಧ ಔಷಧಿ ಎಂದು ಜನ ನಗುತ್ತಿದ್ದರು. ಈಗ ಬೈಯುವವಳಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಭೀಮಕ್ಕ ಸೆರಗಿಗೆ ಕೈ ಒರೆಸಿಕೊಂಡು ತಿಪ್ಪೇಶಪ್ಪನ ಹತ್ತಿರ ಬಂದಳು. ಸತ್ತವಳ ವಾರಿಗೆಯವಳು, ಅವಳ ಜೊತೆ ಊರೂರು ಸುತ್ತಿ ಹೆರಿಗೆ ಮಾಡಿಸಿದವಳು.

"ನೀರು ಕಾಯ್ತಾ ಬಂತು. ಮೊದಲ ತಂಬಿಗೆ ಹಿರಿಸೊಸೇದು. ಹೋಗಿ ನಿನ್ನ ಹೆಂಡ್ತೀನ ಕರಕೊಂಡು ಬಾ."

ಹಿರಿಸೊಸೆ ಶಂಕ್ರಮ್ಮ ಅಂಗಳದಾಚೆ ಹೊಂಗೆಮರದ ಬುಡದಲ್ಲಿ ಮನೆಗೆ ಬೆನ್ನು ಮಾಡಿ ಕೂತಿದ್ದಳು. ಬೆಳಗಿನ ಮೊದಲ ಬಸ್ಸಿಗೆ ಜಗಳೂರಿನಿಂದ ಗಂಡನ ಜೊತೆ ಬಂದವಳು ಹೊಸ್ತಿಲು ತುಳಿದಿರಲಿಲ್ಲ. ತುಳಿಯದೆ ಒಂಬತ್ತು ವರ್ಷವಾಗಿತ್ತು.

ತಿಪ್ಪೇಶಪ್ಪ ಅವಳ ಹತ್ತಿರ ಹೋಗಿ ನಿಂತ. "ಕರೀತಾ ಅದಾರೆ."

"ಊರ ಕಣ್ಣಿಗೆ ಬೇಕಲ್ಲ ಅಂತ ಬಂದೀನಿ. ಮಣ್ಣಾಗೋತನಕ ಇಲ್ಲೇ ಕುಂತಿರ್ತೀನಿ." ಶಂಕ್ರಮ್ಮ ತಲೆಯೆತ್ತಲಿಲ್ಲ. "ನನ್ನ ಮಗೀನ ಕೊಂದ ಕೈಗೆ ನಾನು ನೀರು ಹಾಕಲ್ಲ. ಒತ್ತಾಯ ಮಾಡಬ್ಯಾಡ್ರಿ."

ಅವಳು ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಳು. ತಲೆನೋವು. ಅದಕ್ಕೂ ಒಂಬತ್ತು ವರ್ಷ. ಜಗಳೂರು, ದಾವಣಗೆರೆ ಎಂದು ಡಾಕ್ಟರುಗಳನ್ನು ತೋರಿಸಿ, ಕನ್ನಡಕ ಹಾಕಿಸಿ, ಗುಳಿಗೆ ನುಂಗಿಸಿದ್ದಾಯಿತು. ನೋವು ಮಾತ್ರ ಹೋದ ದಾರಿಯಲ್ಲೇ ವಾಪಸ್ಸು ಬರುತ್ತಿತ್ತು. ತಿಪ್ಪೇಶಪ್ಪನಿಗೆ ಅದರ ಕಾರಣ ಗೊತ್ತಿತ್ತು. ಗೊತ್ತಿದ್ದೂ ಗುಳಿಗೆ ತಂದುಕೊಡುತ್ತಿದ್ದ.

*

ಹತ್ತು ವರ್ಷದ ಹಿಂದೆ ಇದೇ ಹಂಡೆಗೆ ನೀರು ಹೊತ್ತದ್ದು ಅವನಿಗೆ ನೆನಪಿತ್ತು. ಶಂಕ್ರಮ್ಮ ಹೆತ್ತು ಮಲಗಿದ್ದಳು. ತವರಿನಲ್ಲಿ ತಾಯಿಯಿಲ್ಲದ ಹುಡುಗಿಯೆಂದು ಅಂತರಘಟ್ಟಮ್ಮ ಬಾಣಂತನವನ್ನು ತಾನೇ ಮಾಡಿದಳು. ದಿನವೂ ಹರಳೆಣ್ಣೆ ತಿಕ್ಕಿ, ಲಕ್ಕಿಸೊಪ್ಪು ಕುದಿಸಿದ ನೀರು ಹಾಕುವುದು. ಹಾಕುವ ಮೊದಲು ಸೆರಗು ಸಿಕ್ಕಿಸಿ, ಮೊಣಕೈಯನ್ನು ನೀರಿಗೆ ಅದ್ದಿ, ಕಣ್ಣು ಮುಚ್ಚಿ ನಿಲ್ಲುವಳು.

"ಸುಡತೈತೆ. ಇನ್ನೊಂದು ತಂಬಿಗೆ ತಣ್ಣೀರು ಬೆರಸೋ."

"ಕೈಯಾಗೆ ನೋಡಿದ್ರೆ ಆಗಲ್ವೇನವ್ವ?"

"ಒಲೆ ಮುಂದೆ ಬೆಂದ ಕೈಗೆ ಏನು ತಿಳೀತೈತೆ? ಮೊಣಕೈಗೆ ಸುಳ್ಳು ಹೇಳಾಕೆ ಬರಲ್ಲ."

ಒಳಗಿನಿಂದ ಶಂಕ್ರಮ್ಮ ನಗುತ್ತಿದ್ದಳು. ಆ ನಲವತ್ತು ದಿನ ಅತ್ತೆ ಸೊಸೆ ಇಬ್ಬರೂ ಸೇರಿ ಅವನನ್ನು ಆಡಿಕೊಂಡದ್ದೇ ಆಡಿಕೊಂಡದ್ದು. ಗಾಣದೆತ್ತಿನಂತೆ ನೀರು ಹೊತ್ತರೂ ಅವನಿಗೆ ಅಷ್ಟು ಸುಖ ಮತ್ತೆಂದೂ ಸಿಗಲಿಲ್ಲ.

*

"ಬರಲ್ವಂತಾ?" ಭೀಮಕ್ಕ ಅವನ ಮುಖ ನೋಡಿಯೇ ಕೇಳಿದಳು. "ನೀರು ಕುದೀಲಿ. ಇನ್ನೊಂದೀಟು ಕಾಯಾಣ."

ಜಗಲಿಯ ಮೇಲೆ ಸಣ್ಣತಿಮ್ಮಪ್ಪ ಬೀಡಿ ಹಚ್ಚಿ ಕತೆ ಶುರು ಮಾಡಿದ್ದ. ಊರಿನ ಹಿರಿಯ, ಮದುವೆಗೂ ಮಣ್ಣಿಗೂ ಒಂದೇ ದನಿಯಲ್ಲಿ ಮಾತಾಡುವ ಆಸಾಮಿ.

"ಹೊಟ್ಟೆನೋವು ಅಂತ ಬಂದೆ ಕಣ್ರೋ. ಮನೇರ್ನೆಲ್ಲ ಕರಕೊಂಡು ಬಾ ಅಂದ್ಲು. ನೋವು ನನಗೆ, ಅವರಿಗೇನು ಕೆಲ್ಸ ಅಂದೆ. ಕಾಯಿಲೆ ಒಬ್ಬನಿಗೇ ಬರಲ್ಲ ಕಣೋ ಮಂಕೆ, ಮನೆಗೆ ಬರ್ತೈತೆ, ಒಬ್ಬನ ಮೈಮ್ಯಾಲೆ ಕಾಣಿಸ್ಕೊಂತೈತೆ ಅಷ್ಟೆ ಅಂದ್ಲು."

"ಆಮ್ಯಾಲೆ?"

"ಆಮ್ಯಾಲೇನು, ಎಲ್ಲರ್ನೂ ಆ ಈಚಲು ಚಾಪೆ ಮ್ಯಾಲೆ ಕುಂದ್ರಿಸಿದ್ಲು. ಹೊಟ್ಟೆಯಾಗೆ ಇಟ್ಕೊಂಡಿರೋದು ಹೊರಗೆ ಹಾಕ್ರಿ, ಔಷ್ಧಿಗೆ ಜಾಗ ಬೇಕು ಅಂದ್ಲು. ನಮ್ಮಣ್ಣ ಎದುರಿಗೇ ಕುಂತಾನೆ. ಎರಡು ತಿಂಗಳ ಹಿಂದೆ ಅವನ ಹುಂಜ ಕಳೆದಿತ್ತು. ನರಿ ಹೊತ್ಕೊಂಡು ಹೋತು ಅಂತ ಹುಡುಕಾಕೆ ನಾನೂ ಹೋಗಿದ್ದೆ." ಸಣ್ಣತಿಮ್ಮಪ್ಪ ಬೀಡಿ ಎಳೆದ. "ನರಿ ನಾನೇ ಅಂತ ಒಪ್ಕೊಂಡೆ. ಅಣ್ಣ ಎದ್ದು ಕಪಾಳಕ್ಕೆ ಒಂದು ಕೊಟ್ಟ. ಅದಾದ ಮ್ಯಾಲೇ ಅವಳು ಕಷಾಯ ಕೊಟ್ಟಿದ್ದು. ಮೂರು ದಿನ ಮನೇರಿಗೆಲ್ಲ ಉಪ್ಪಿಲ್ಲದ ಪಥ್ಯ. ಅಣ್ಣನಿಗೂ."

ಹೆಣದ ಮನೆಯೆಂಬುದನ್ನೂ ಮರೆತು ಜನ ನಕ್ಕರು. ತಿಪ್ಪೇಶಪ್ಪನಿಗೆ ನಗಲಾಗಲಿಲ್ಲ. ಊರವರ ಹೊಟ್ಟೆಯೊಳಗಿನದನ್ನೆಲ್ಲ ಕಕ್ಕಿಸಿದ ತಾಯಿ, ತನ್ನ ಹೊಟ್ಟೆಯಲ್ಲಿ ಒಂದನ್ನು ಇಟ್ಟುಕೊಂಡೇ ಸತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಆ ಕತ್ತಲೆಯಲ್ಲಿ ಇಷ್ಟು ವರ್ಷ ಹಾಯಾಗಿ ಕೂತವನು ಅವನು.

*

ಎಪ್ಪತ್ತೈದರ ಚಳಿಗಾಲ. ಹನ್ನೊಂದು ತಿಂಗಳ ಮಗಳು ಕೆಂಪಿಗೆ ಎರಡು ದಿನದಿಂದ ಜ್ವರ, ಕೆಮ್ಮು. ಮಧ್ಯಾಹ್ನ ಅಂತರಘಟ್ಟಮ್ಮ ಮಗುವಿನ ಅಂಗಿ ಎತ್ತಿ ನೋಡಿದಳು. ಉಸಿರೆಳೆದಾಗೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಅವಳ ಮುಖ ಬಿಳಿಚಿಕೊಂಡಿತು. ಬಾಗಿಲಲ್ಲಿ ಪಕ್ಕದ ಊರಿನ ಗಾಡಿ ಕಾಯುತ್ತಿತ್ತು. ಅಲ್ಲೊಬ್ಬಳಿಗೆ ಹಿಂದಿನ ದಿನದಿಂದ ಹೆರಿಗೆಯಾಗದೆ ಒದ್ದಾಟ.

"ಇದು ನನ್ನ ಕೈಯಾಗಿಂದಲ್ಲ ತಿಪ್ಪೇಶ. ಚನ್ನಗಿರಿ ದೊಡ್ಡಾಸ್ಪತ್ರೆಗೆ ಹೋಗ್ರಿ, ಈಗ್ಲೇ. ಮೂರು ಗಂಟೆ ಬಸ್ಸು ಐತೆ. ಶಂಕ್ರವ್ವ ನೀರಿಗೆ ಹೋಗ್ಯಾಳೆ, ಬರ್ತಿದ್ದಂಗೇ ಇಬ್ರೂ ಹೊರಡ್ರಿ." ಚಳಿ ತಾಗದಿರಲೆಂದು ಮಗುವಿನ ಎದೆಗೆ ಬೆಚ್ಚಗಿನ ಎಣ್ಣೆ ಸವರಿ, ಕಂಬಳಿ ಸುತ್ತಿ, ಅವಳು ಗಾಡಿ ಹತ್ತಿದಳು.

ತಿಪ್ಪೇಶಪ್ಪನ ಜೇಬಿನಲ್ಲಿ ಸರ್ಕಾರದ ಕಾಗದವಿತ್ತು. ಜಗಳೂರು ತಾಲ್ಲೂಕು ಕಚೇರಿಯಲ್ಲಿ ಜವಾನನ ಕೆಲಸ. ನಾಳೆಯೇ ಹಾಜರಾಗಲು ಕಡೆಯ ದಿನ. ಆಸ್ಪತ್ರೆಗೆ ಸೇರಿಸಿದರೆ ಎರಡು ಮೂರು ದಿನ ಬಿಡಲಿಕ್ಕಿಲ್ಲ. ಊರ ಮಕ್ಕಳೆಲ್ಲ ಅವ್ವನ ಕೈಯಲ್ಲಿ ಬದುಕಿರುವಾಗ ತನ್ನ ಮಗುವಿಗೇನಾದೀತು ಎಂದು ಅವನಿಗನ್ನಿಸಿತು. ಅವ್ವನಿಗೆ ಮೊಮ್ಮಗಳ ಮೇಲಿನ ಅತಿ ಪ್ರೀತಿ, ಅದಕ್ಕೇ ಹೆದರಿದ್ದಾಳೆ ಎಂದೂ ಅನ್ನಿಸಿತು. ಬೇಕಾದದ್ದು ಅನ್ನಿಸುವುದಕ್ಕೆ ಮನುಷ್ಯನಿಗೆ ಎಷ್ಟು ಹೊತ್ತು ಬೇಕು?

ಕೊಡ ಇಳಿಸಿದ ಶಂಕ್ರಮ್ಮ, "ಅತ್ತೆ ಏನಂದ್ರು?" ಎಂದಳು.

"ಎದೆಗೆ ಔಷ್ಧಿ ಹಚ್ಚ್ಯಾಳೆ. ಬೆಳಗಾಗೋದ್ರಾಗೆ ಇಳೀತೈತೆ ಅಂದ್ಲು."

ಕೋಳಿ ಕೂಗುವ ಹೊತ್ತಿಗೆ ಮಗು ಹೋಯಿತು. ಬಿಸಿಲೇರುವಾಗ ಗಾಡಿಯಿಂದಿಳಿದ ಅಂತರಘಟ್ಟಮ್ಮನ ಮೇಲೆ ಶಂಕ್ರಮ್ಮ ಹುಚ್ಚಿಯಂತೆ ಬಿದ್ದಳು. "ಬೆಳಗಾಗೋದ್ರಾಗೆ ಇಳೀತೈತೆ ಅಂದಿದ್ರಲ್ಲ ಅತ್ತೆ! ಅಂದಿದ್ರಲ್ಲ!"

ಅಂತರಘಟ್ಟಮ್ಮ ಕಂಬಕ್ಕೊರಗಿದ್ದ ಮಗನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ.

"ಹೂಂ," ಎಂದಳು. "ಅಂದಿದ್ದೆ. ತಪ್ಪಾತು ಕಣವ್ವ."

ಮುಂದಿನ ವರ್ಷ ಒಬ್ಬನೇ ಊರಿಗೆ ಬಂದಾಗ ಅವನು ಕೇಳಿದ್ದ, ಯಾಕವ್ವ ಹಂಗಂದೆ ಅಂತ.

"ತಪ್ಪು ನಿನ್ನ ಮ್ಯಾಲೆ ಬಿದ್ದಿದ್ರೆ ಅವಳು ಬಾವಿ ನೋಡ್ಕೊಂತಿದ್ಲು. ತವರಿಲ್ಲ, ತಾಯಿಯಿಲ್ಲ, ಎಲ್ಲಿಗೆ ಹೋಗ್ತಾಳೆ? ಅತ್ತೆ ಅಂದ್ರೆ ಹೆಂಗಿದ್ರೂ ಬೈಸ್ಕಳಾಕೇ ಇರೋಳು." ಆಮೇಲೆ ಅವನ ಭುಜ ಹಿಡಿದು, "ಆದ್ರೆ ಅವಳು ಗಟ್ಟಿಯಾದ ಮ್ಯಾಲೆ ನೀನೇ ಹೇಳ್ಬೇಕು. ಅಲ್ಲಿತನಕ ಅವಳ ಮೈಗೆ ಯಾವ ಔಷ್ಧೀನೂ ಹತ್ತಲ್ಲ," ಎಂದಿದ್ದಳು.

ಹೇಳ್ತೀನಿ ಎಂದಿದ್ದ. ಎರಡು ಮಕ್ಕಳಾದವು. ಪ್ರತಿ ಹೆರಿಗೆಗೂ ಅಂತರಘಟ್ಟಮ್ಮ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅಂಟಿನುಂಡೆಯ ಡಬ್ಬಿ ಕಳಿಸಿದಳು. ಶಂಕ್ರಮ್ಮ ಮುಟ್ಟಲಿಲ್ಲ. ಚೆಲ್ಲಲು ಮನಸ್ಸಾಗದೆ ಅವನೇ ಕಚೇರಿಗೆ ಒಯ್ದು ದಿನಕ್ಕೊಂದರಂತೆ ತಿಂದ. ಜವಾನನಿಗೆ ಬಾಣಂತನ ನಡೀತೈತೆ ಎಂದು ಗುಮಾಸ್ತರು ನಕ್ಕರು.

*

"ಹೋಗ್ಲಿ ಬಿಡು ತಿಪ್ಪೇಶ," ಭೀಮಕ್ಕ ಕಡೆಗೂ ಸೋತಳು. "ಕಿರಿಸೊಸೆ ಕಸ್ತೂರವ್ವನೇ ಹಾಕ್ಲಿ. ಹೊತ್ತು ಮೀರ್ತೈತೆ."

ಜಯಪ್ಪನ ಹೆಂಡತಿ ಕಸ್ತೂರಮ್ಮ ತಂಬಿಗೆ ಎತ್ತಿಕೊಂಡಳು. ನಾಲ್ಕು ಜನ ಅಂತರಘಟ್ಟಮ್ಮನನ್ನು ಬಚ್ಚಲಿಗೆ ಹೊತ್ತು ತಂದು ಮಣೆಯ ಮೇಲೆ ಕೂರಿಸಿದರು. ಹೆಂಗಸರು ಸೀರೆಯ ಮರೆ ಹಿಡಿದರು.

ತಿಪ್ಪೇಶಪ್ಪನಿಗೆ ಜೀವ ಬಂದಂತಾಯಿತು. ಇನ್ನರ್ಧ ಗಂಟೆ. ಅವ್ವ ಹೋದ ಮೇಲೆ ಆ ಸುಳ್ಳನ್ನು ಬಲ್ಲವನು ಭೂಮಿಯ ಮೇಲೆ ಅವನೊಬ್ಬನೇ, ಮಣ್ಣು ಮುಚ್ಚಿದರೆ ಮುಗಿಯಿತು. ಹಾಗನ್ನಿಸಿ ಹಗುರಾಯಿತು, ಹಗುರಾದದ್ದಕ್ಕೆ ಅವನಿಗೇ ಹೇಸಿಗೆಯಾಯಿತು. ತಾಯಿಯನ್ನು ಕೂರಿಸಿದ್ದ ಗೋಡೆಯ ಪಕ್ಕದಲ್ಲಿ ಆ ಈಚಲು ಚಾಪೆ ಸುತ್ತಿ ನಿಲ್ಲಿಸಿತ್ತು.

"ತಡಿಯವ್ವ ಕಸ್ತೂರಿ."

ಅವನು ಚಾಪೆ ತಂದು ಹೊಂಗೆಮರದ ಕೆಳಗೆ ಹೆಂಡತಿಯ ಎದುರಿಗೆ ಹಾಸಿದ. ಅದರ ಮೇಲೆ ಚಕ್ಕಳಮಕ್ಕಳ ಕೂತ. ಜಗಲಿಯವರೆಲ್ಲ ತಿರುಗಿ ನೋಡಿದರು. ಸಣ್ಣತಿಮ್ಮಪ್ಪ ಬೀಡಿ ಕೆಳಗೆ ಹಾಕಿದ.

"ಏನ್ರೀ ಇದು? ಏಳ್ರಿ, ಜನ ನೋಡ್ತಾ ಅದಾರೆ," ಎಂದಳು ಶಂಕ್ರಮ್ಮ.

"ಅವ್ವ ಇಳೀತೈತೆ ಅಂದಿರ್ಲಿಲ್ಲ." ದನಿ ಎಲ್ಲರಿಗೂ ಕೇಳಿಸುವಷ್ಟಿತ್ತು. "ಆಸ್ಪತ್ರೆಗೆ ಹೋಗ್ರಿ ಅಂದಿದ್ಲು. ಇದು ನನ್ನ ಕೈಯಾಗಿಂದಲ್ಲ, ಇಬ್ರೂ ಈಗ್ಲೇ ಹೊರಡ್ರಿ ಅಂದಿದ್ಲು. ನಾಳೆ ಕೆಲಸಕ್ಕೆ ಹಾಜರಾಗ್ಬೇಕು ಅಂತ ನಾನೇ ಸುಳ್ಳು ಹೇಳಿದೆ ಶಂಕ್ರಿ. ಮಗೀನ ಕೊಂದೋನು ನಾನು. ಅವ್ವ ಮೈಮ್ಯಾಲೆ ಹಾಕ್ಕಂಡ್ಲು."

"ಅಣ್ಣಾ..." ಎಂದ ಜಯಪ್ಪ.

ಶಂಕ್ರಮ್ಮ ಅಳಲಿಲ್ಲ, ಕೂಗಲಿಲ್ಲ. ಗಂಡನ ಮುಖವನ್ನು ಗುರುತು ಸಿಗದವಳಂತೆ ನೋಡಿದಳು.

"ಯಾವ ಬಸ್ಸಿಗೆ ಅಂದಿದ್ರು?"

"ಮೂರು ಗಂಟೇದಕ್ಕೆ."

"ನಾನು ಕೊಡ ಹೊತ್ಕೊಂಡು ಬರುವಾಗ ಬಸ್ಸಿಗೆ ಜನ ಇನ್ನೂ ನಿಂತಿದ್ರು," ಎಂದಳು ಶಂಕ್ರಮ್ಮ. "ಕಸ್ತೂರಿಯವರಮ್ಮ ನನ್ನ ಮಾತಾಡ್ಸಿದ್ಲು, ಮಗಿಗೆ ಹೆಂಗೈತೆ ಅಂತ."

ಅವನು ಕೆನ್ನೆ ಒಡ್ಡಿ ಕೂತಿದ್ದ. ಸಣ್ಣತಿಮ್ಮಪ್ಪನ ಅಣ್ಣ ಹೊಡೆದ ಹಾಗೆ ಅವಳೂ ಒಂದು ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಹೊಡೆಯಲಿಲ್ಲ. ಎದ್ದು, ಅವನನ್ನು ದಾಟಿ, ಅಂಗಳ ದಾಟಿ, ಹೊಸ್ತಿಲು ದಾಟಿ ಒಳಗೆ ಹೋದಳು. ಅವಳ ಹಣೆಯ ಬಟ್ಟೆ ಜಾರಿ ಹೊಸ್ತಿಲ ಹತ್ತಿರ ಬಿತ್ತು, ತಿರುಗಿ ನೋಡಲಿಲ್ಲ.

ತಿಪ್ಪೇಶಪ್ಪ ಅವಳ ಹಿಂದೆ ಬಚ್ಚಲ ತನಕ ಹೋಗಿ, ಸೀರೆಯ ಮರೆಯಾಚೆ ತಣ್ಣೀರಿನ ಕೊಡದ ಪಕ್ಕದಲ್ಲಿ ನಿಂತ. ಶಂಕ್ರಮ್ಮ ಕಸ್ತೂರಮ್ಮನ ಕೈಯಿಂದ ತಂಬಿಗೆ ತೆಗೆದುಕೊಂಡಳು. ಸೆರಗು ಸಿಕ್ಕಿಸಿದಳು. ತಲೆ ವಾಲಿಸಿ ಕೂತಿದ್ದ ಅತ್ತೆಯ ಮುಖವನ್ನು ಒಂದು ಸಲ ನೋಡಿ, ತೋಡಿಟ್ಟ ಬಿಸಿನೀರಿಗೆ ಮೊಣಕೈ ಅದ್ದಿ ಕಣ್ಣು ಮುಚ್ಚಿದಳು.

"ಸುಡತೈತೆ ಭೀಮಕ್ಕ. ತಣ್ಣೀರು ಬೆರಸ್ರಿ."

"ಅಯ್ಯೋ ಹುಚ್ಚಿ, ಅವಳಿಗೆ ಇನ್ನೇನು..." ಭೀಮಕ್ಕ ಮಾತು ಅಲ್ಲಿಗೇ ಬಿಟ್ಟು ತಣ್ಣೀರಿಗೆ ಮರೆಯಾಚೆ ಕೈ ಚಾಚಿದಳು.

ತಿಪ್ಪೇಶಪ್ಪ ಕೊಡ ಎತ್ತಿ ಮರೆಯ ಮೇಲಿಂದ ಕೊಟ್ಟ. ಭೀಮಕ್ಕ ಒಂದು ತಂಬಿಗೆ ಸುರಿದಳು. ಶಂಕ್ರಮ್ಮ ಮತ್ತೆ ಮೊಣಕೈ ಅದ್ದಿದಳು.

"ಇನ್ನೊಂದು ತಂಬಿಗೆ," ಎಂದಳು.