ಹಿಪ್ಪೆ ಪೊಟರೆಯ ನೀರು

ಸೀಮೆಎಣ್ಣೆ ವಾಸನೆಯೋ ಏನೋ, ಅಲ್ಲ, ಕೊಳೆತ ಎಲೆಯದಿರಬೇಕು, ಎಲೆಯದೇ ಆಗಿರಲಿ ಭಗವಂತಾ — ನಡಿ ಅರ್ಚನಾ, ಕಾಲಿಗೆ ಮುಳ್ಳು ಹೊಕ್ಕರೂ ನಡಿ, ಇಂಥ ಗಾಬರಿಯಲ್ಲೂ ದೇವರ ಬನದ ಬಾಗಿಲಲ್ಲಿ ಚಪ್ಪಲಿ ಬಿಡುವುದು ಮರೆಯಲಿಲ್ಲ ನೋಡು, ಅದೊಂದು ಜ್ಞಾಪಕವಿರುತ್ತದೆ ನಿನಗೆ, ಬುದ್ಧಿ ಮಾತ್ರ ಇಲ್ಲ. ಮೂರು ವರ್ಷ ನಾಗಮಂಗಲದ ಗುಡ್ಡ, ಪಾಂಡವಪುರದ ತೋಪು ಎಲ್ಲ ಅಲೆದು, ಕೊನೆಗೆ ಈ ಒಂದೇ ಹಿಪ್ಪೆ ಮರದ ಪೊಟರೆಯಲ್ಲಿ ಸಿಕ್ಕಿತ್ತು, ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಆ ಹೂನೊಣದ ಮರಿಹುಳು, ಹನ್ನೊಂದು, ಕಪ್ಪು ನೀರಿನ ತಳದಲ್ಲಿ ಮೈ, ಉಸಿರಾಡಲು ಮೇಲಕ್ಕೆ ಚಾಚಿದ ನೂಲಿನಷ್ಟು ಸಣ್ಣ ಬಾಲ, ಬಾಲದ ತುದಿ ನೀರಿನಿಂದ ಚೂರೇ ಹೊರಗೆ. ಕುಣಿದಾಡಿಬಿಟ್ಟೆ. ಕುಣಿದು, ಚೀಲದಲ್ಲಿದ್ದ ಕಾಲೇಜಿನ ಸೀಮೆಸುಣ್ಣ ತೆಗೆದು, ಮುಂದಿನ ವಾರ ಗುರುತು ಸಿಗಲೆಂದು ಮರದ ಮೇಲೆ ಬರೆದೆ, ಲಾರ್ವಾ ೧೧, ಪಕ್ಕದಲ್ಲಿ ತಾರೀಕು — ಡೆಂಗ್ಯೂ ಸರ್ವೆಯವರು ಸೊಳ್ಳೆಮರಿ ಕಂಡ ಮನೆಯ ಗೋಡೆಗೆ ಬರೆಯುವುದೂ ಹಾಗೇ ಅಲ್ಲವೇ, ಪೆದ್ದೀ. ಈಗಷ್ಟೇ ಸಂತೆಬಾಚಹಳ್ಳಿಯ ಟೀ ಅಂಗಡಿಯಲ್ಲಿ ಆ ಸರ್ವೆಯ ಸಿದ್ದರಾಜು, ಬನದ ಮರದ್‌ ಮ್ಯಾಲೂ ನಮ್ಮೋರ್‍ಯಾರೋ ಬರ್ದಿದ್ರು ಮೇಡಂ, ಬೆಳಿಗ್ಗೆ ಎಣ್ಣೆ ಉಯ್ದ್‌ಬುಟ್ಟೆ, ಒಂದೂ ಉಳಿಯಕಿಲ್ಲ ಬುಡಿ, ಅಂದ. ಬಯ್ಯಲು ಬಾಯಿ ತೆರೆದೆ, ಅಷ್ಟರಲ್ಲಿ, ನಮ್‌ ಸ್ನೇಹಂಗೆ ಓದ್ವರ್ಸ ಡೆಂಗ್ಯೂ ಬಂದು ಉಳುದಿದ್ದೇ ಎಚ್ಚು ಮೇಡಂ, ಅಂದ, ಮಗಳನ್ನು ನೆನೆದು ಅವನ ಕಣ್ಣು ತುಂಬಿತು, ಏನೆಂದು ಬಯ್ಯಲಿ. ತಪ್ಪು ಅವನದಲ್ಲ. ಓಡಿ ಬಂದೆ. ಭಯವಾಗುತ್ತಿದೆ, ಇನ್ನೆಲ್ಲೂ ಇಲ್ಲದಿದ್ದರೆ, ಇವೇ ಕೊನೆಯವಾಗಿದ್ದರೆ, ಬೆಳಿಗ್ಗೆ ಅಂದರೆ ಎಷ್ಟು ಗಂಟೆ, ಕೇಳಲಿಲ್ಲವಲ್ಲ, ಎಷ್ಟು ಹೊತ್ತು ಉಸಿರು ಹಿಡಿಯುತ್ತವೆ ಅವು, ನಾನು ಯಾಕೆ ಉಸಿರು ಹಿಡಿದಿದ್ದೇನೆ — ಬಂತು, ಮರ. ನನ್ನದೇ ದುಂಡು ಅಕ್ಷರ, ಹಿಂದಿನ ಬೆಂಚಿಗೂ ಕಾಣುವ ಹಾಗೆ. ನೀರಿನ ಮೇಲೆ ಬಣ್ಣಬಣ್ಣದ ಪೊರೆ, ವೇಲು ತೆಗೆದು ಅದ್ದಿದೆ, ಹಿಂಡಿದೆ, ಅದ್ದಿದೆ, ಕೈಯೆಲ್ಲ ಎಣ್ಣೆ, ಪೊರೆ ಹೋಯಿತು, ಈಗ ಮೇಲೆ ಬಾ, ಎಣ್ಣೆ ಇಲ್ಲ, ಏಳಮ್ಮಾ, ಒಂದಾದರೂ — ಬಾಲವೊಂದು ಕಾಣುತ್ತಿದೆ, ನೂಲಿನಷ್ಟು ಸಣ್ಣದು, ನೆಟ್ಟಗೆ ನಿಂತಿಲ್ಲ, ನೀರಿನ ಮೇಲೆ ಅಡ್ಡ ಮಲಗಿದೆ, ನನ್ನ ಉಸಿರು ತಾಗಿ ಅಲ್ಲಾಡಿತು, ಉಸಿರು ಹಿಡಿದೆ, ನಿಂತಿತು, ಬಾಲ, ಅಡ್ಡ ಮಲಗಿದ ಬಾಲ