ಮುಂದಿನ ಹಾಡು

"ಬೇರೆಯವರ ಹಾಡನ್ನ ನೀವು ಹಾಕ್ತೀರಿ. ಹಾಗಾದ್ರೆ ಡಿಜೆ ಅಂದ್ರೆ ಏನು ಸಾರ್? ಅವನ ಕೆಲಸ ಏನು?" ಎನ್ನುತ್ತ ಟೀವಿಯ ಹುಡುಗಿ ಮೈಕು ಮುಂದೆ ಹಿಡಿದಳು.

ವೇದಿಕೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಸ್ಪೀಕರಿಗೆ ವೈರು ಸಿಕ್ಕಿಸುತ್ತಿದ್ದ ಹೆಂಡತಿಯ ಕೈ ನಿಂತಿತು.

"ಹಾಡು ಯಾರು ಬೇಕಾದ್ರೂ ಹಾಕ್ತಾರೆ," ಎಂದ ಗಂಡ. "ಜನರ ಕಾಲು ನೋಡಬೇಕು. ಮುಖ ಸುಳ್ಳು ಹೇಳತ್ತೆ, ಕಾಲು ಹೇಳಲ್ಲ. ಮೂಲೇಲಿ ಕೂತೋರನ್ನ ಎಬ್ಬಿಸೋ ಹಾಡು ಯಾವುದು ಅಂತ ಅವರಿಗಿಂತ ಮೊದಲು ನಮಗೆ ತಿಳೀಬೇಕು."

ಮದುವೆಯಾದ ಹೊಸತರಲ್ಲಿ, ಪಾತ್ರೆ ತೊಳೆಯುತ್ತ ಅವಳೇ ಹೇಳಿಕೊಟ್ಟ ಮಾತು. ಅಂದಿನಿಂದಲೂ ವೇದಿಕೆಯ ಪಕ್ಕ ನಿಂತು ಕುಣಿಯುವವರನ್ನು ನೋಡಿ, ಮುಂದಿನ ಹಾಡನ್ನು ಅವನ ಫೋನಿಗೆ ಕಳಿಸುವವಳು ಅವಳು. ಅದನ್ನು ಹಾಕಿ ಎರಡೂ ಕೈ ಮೇಲೆತ್ತುವವನು ಅವನು. ಜನರ ಕಣ್ಣಿಗೆ ಬೀಳುವುದು ಕೈ ತಾನೆ.

ಹಿಂದೆ ಕೂತಿರುವವರು ಯಾರೆಂದು ಹುಡುಗಿ ವಿಚಾರಿಸಿದಳು.

"ನಮ್ಮನೆಯವಳು. ಒಬ್ಬಳಿಗೇ ಬೇಜಾರು ಅಂತ ಜೊತೇಲಿ ಬರ್ತಾಳೆ. ವೈರು ಗೀರು ಸುತ್ತಿಕೊಡ್ತಾಳೆ."

ಅವಳು ಕೈಲಿದ್ದ ವೈರನ್ನು ಸ್ಪೀಕರಿಗೆ ಸಿಕ್ಕಿಸಿ ಎದ್ದಳು.

ಯಾವುದೋ ಕಂಪನಿಯ ಮಧ್ಯಾಹ್ನದ ಪಾರ್ಟಿ. ಅವಳು ಮೊದಲೇ ಆರಿಸಿಟ್ಟಿದ್ದ ಹಾಡುಗಳಿಗೆ ಹಾಲ್ ತುಂಬಿ ಕುಣಿಯಿತು. ಅವು ಮುಗಿದ ಮೇಲೆ ಅವನ ಫೋನಿಗೆ ಏನೂ ಬರಲಿಲ್ಲ. ಅವನು ತಿರುಗಿ ನೋಡಿದ. ಅವಳು ಫೋನು ಚೀಲಕ್ಕೆ ಹಾಕಿ ಕೈಕಟ್ಟಿ ನಿಂತಿದ್ದಳು. ತೋಚಿದ್ದೊಂದನ್ನು ಹಾಕಿದ, ನಡುವೆಯೇ ಬದಲಿಸಿದ. ಜನ ಒಬ್ಬೊಬ್ಬರಾಗಿ ಊಟದ ಕಡೆ ಜಾರಿಕೊಂಡರು. ಕಂಪನಿಯ ಮ್ಯಾನೇಜರು ವೇದಿಕೆಯತ್ತ ಬರುವುದನ್ನು ಕಂಡು, ಈಗಲಾದರೂ ಗೊತ್ತಾಗಲಿ ಎಂದುಕೊಂಡಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವನು ಮೈಕಿಗೆ ಬಗ್ಗಿ, ನಗುತ್ತಲೇ, "ಸ್ವಲ್ಪ ಸೌಂಡ್ ತೊಂದರೆ. ನಮ್ಮನೆಯವಳು ವೈರು ಸರಿಯಾಗಿ ಹಾಕಿಲ್ಲ, ಕ್ಷಮಿಸಿ," ಎಂದ. ಜನರೂ ನಕ್ಕರು. ಚೀಲದಲ್ಲಿ ಅವಳ ಫೋನು ನಡುಗಿತು. ತೆಗೆದು ನೋಡಿದರೆ ಅವನ ಮೆಸೇಜು: ಬೇಗ ಹೇಳೇ.

ಅಂಗಳದಷ್ಟು ಖಾಲಿ ನೆಲದ ನಡುವೆ ನಡುವಯಸ್ಸಿನ ಹೆಂಗಸೊಬ್ಬಳು ಮಾತ್ರ ಉಳಿದಿದ್ದಳು. ಕುಣಿಯಲೆಂದೇ ಎದ್ದುಬಂದವಳು, ಈಗ ಹಿಂತಿರುಗಲು ನಾಚಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವಳನ್ನು ನೋಡುತ್ತ ನೋಡುತ್ತ ಇವಳ ಬೆರಳುಗಳು ಹಾಡಿನ ಹೆಸರು ಒತ್ತಿ ಅವನಿಗೆ ಕಳಿಸಿಬಿಟ್ಟವು.

ಹಾಡು ಶುರುವಾದದ್ದೇ ಊಟ ಬಿಟ್ಟು ಜನ ಓಡಿಬಂದರು. ಅವನ ಕೈಗಳು ಮೇಲೆದ್ದವು.

"ವೈರು ಸರಿಹೋಯ್ತು ನೋಡಿ," ಎಂದರು ಮ್ಯಾನೇಜರು, ಪಾಪ, ಸಮಾಧಾನಕ್ಕೆ. "ನೀವು ಹೋಗಿ ಊಟ ಮಾಡಿಮ್ಮ."

ಅವಳು ಊಟದ ಮೇಜಿನ ಮುಂದೆ ಗೋಡೆಯ ಕಡೆ ಮುಖಮಾಡಿ ಕೂತಳು. ಹಾಡಿನ ಬಡಿತಕ್ಕೆ ಲೋಟದ ನೀರಿನಲ್ಲಿ ಸಣ್ಣ ಉಂಗುರಗಳು ಏಳುತ್ತಿದ್ದವು. ಅವು ನಿಲ್ಲುವವರೆಗೂ ಅವಳು ಲೋಟ ಮುಟ್ಟಲಿಲ್ಲ.