ದಾರಿಗೆ ಅಡ್ಡ ಮಲಗುವ ಹರಕೆ

ದೇವಮಾತೆಯ ಹಬ್ಬಕ್ಕೆಂದು ಮಾಂಸ, ಹಾಲು ಬಿಡುವ ಆಗಸ್ಟ್ ತಿಂಗಳ ಉಪವಾಸ ಶುರುವಾದ ಮೇಲೆ ಒಂದು ಬೆಳಿಗ್ಗೆ ಪಟ್ಟಣದಿಂದ ನಮ್ಮ ವಕೀಲೆ ಕಲ್ಲೆರ್ಗಿ ಮನೆಗೆ ಬಂದಳು. ಟೊಮೇಟೊ, ಆಲಿವ್ ಕಾಯಿ, ಬ್ರೆಡ್ಡು ಮುಂದಿಟ್ಟೆ. ಮುಟ್ಟಲಿಲ್ಲ.

"ಆನೆಸ್ತಿಸ್ ಅವರೇ, ಹಬ್ಬದ ದಿನ ಮಗಳನ್ನ ರಸ್ತೆ ಮೇಲೆ ಮಲಗಿಸ್ತೀರಂತೆ, ನಿಜಾನಾ?"

"ಹರಕೆ ಹೊತ್ತಿದೀನಮ್ಮ."

"ಮುಂದಿನ ವರ್ಷ ತೀರಿಸಿ. ವಿಮಾ ಕಂಪನಿಯವರು ಊರಿಗೆ ಆಳು ಬಿಟ್ಟಿದಾರೆ. ಆರ್ಗಿರೋ ಕಸ ಚೆಲ್ಲೋಕೆ ಹೊರಗೆ ಬಂದ್ರೂ ವಿಡಿಯೋ ಮಾಡ್ಕೋತಾರೆ. ಅವಳು ಒಂದು ಸಲ ನೆಟ್ಟಗೆ ನಿಂತಿದ್ದು ಜಡ್ಜ್ ಕಣ್ಣಿಗೆ ಬಿದ್ರೆ ಸಾಕು, ಕೇಸು ಮುಗೀತು."

ವಸಂತದಲ್ಲಿ, ಕಲ್ಲು ಹೇರಿದ ಲಾರಿಯೊಂದು ಬಂದರಿನ ತಿರುವಿನಲ್ಲಿ ತನ್ನ ಬದಿ ಬಿಟ್ಟು ಬಂದು ನಮ್ಮ ಕಾರಿಗೆ ಗುದ್ದಿತ್ತು. ನನ್ನ ಹೆಂಡತಿ ಜಾಫೀರೋ ಅಲ್ಲೇ ತೀರಿಕೊಂಡಳು. ಕಾರು ನಡೆಸುತ್ತಿದ್ದ ಮಗಳು ಆರ್ಗಿರೋ ಬದುಕಿಕೊಂಡಳು. ಸೊಂಟದ ಮೂಳೆ ಮುರಿದು, ಒಳಗೆ ಲೋಹದ ಪಟ್ಟಿ, ತಿರುಪು ಹಾಕಿ ಜೋಡಿಸಿದರು. ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತ ದಿನವಿಡೀ ನಿಂತು ದುಡಿಯುತ್ತಿದ್ದವಳು ಈಗ ಊರುಗೋಲಿಲ್ಲದೆ ನಿಲ್ಲಲಾರಳು. ಸತ್ತವಳ ವಿಷಯದಲ್ಲಿ ವಿಮಾ ಕಂಪನಿ ತಕರಾರು ತೆಗೆಯಲಿಲ್ಲ. ಬದುಕಿದವಳ ವಿಷಯದಲ್ಲಿ ತೆಗೆಯಿತು. ಮೂಳೆ ಕೂಡಿಕೊಂಡಿದೆ, ಈ ಹೆಂಗಸು ನಟಿಸುತ್ತಿದ್ದಾಳೆ ಎಂದು ಅವರ ಡಾಕ್ಟರು ಬರೆದುಕೊಟ್ಟ. ದ್ರಾಕ್ಷಿ ಕೊಯ್ಲಾದ ಮೇಲೆ ವಿಚಾರಣೆಯಿತ್ತು. ನನ್ನ ಪಿಂಚಣಿ ನನ್ನ ಉಸಿರಿರುವವರೆಗೆ ಮಾತ್ರ. ಆಮೇಲೆ ಅವಳ ಅನ್ನಕ್ಕೆ ಆ ಪರಿಹಾರವೊಂದೇ ದಾರಿ.

ಆದರೆ ಹರಕೆಯಿತ್ತು. ಆಸ್ಪತ್ರೆಯ ಕೆಳಗಿನ ತಣ್ಣನೆಯ ಕೋಣೆಯಲ್ಲಿ ಜಾಫೀರೋ, ಮೇಲಿನ ಮಹಡಿಯಲ್ಲಿ ಪ್ರಜ್ಞೆ ಇಲ್ಲದ ಮಗಳು. ನಡುವಿನ ಮೆಟ್ಟಿಲ ಮೇಲೆ ಕುಳಿತು ನಾನು ದೇವಮಾತೆಗೆ ಮಾತು ಕೊಟ್ಟಿದ್ದೆ: ಇವಳನ್ನಾದರೂ ಬಿಡು, ಮೊದಲ ಹಬ್ಬಕ್ಕೇ ನಿನ್ನ ದಾರಿಗೆ ಅಡ್ಡ ಮಲಗಿಸುತ್ತೇನೆ. ದೇವಮಾತೆ ಬಿಟ್ಟಳು. ಕೊಟ್ಟ ಮಾತನ್ನು ಮುಂದಿನ ವರ್ಷಕ್ಕೆ ತಳ್ಳುವುದು ಹೇಗೆ?

ಮಗಳನ್ನು ಕೇಳಿದೆ. "ಮಲಗೋದು ತಾನೇ ಅಪ್ಪ? ಮಲಗೋಕೆ ಕಾಲು ಯಾಕೆ ಬೇಕು?" ಎಂದು ನಕ್ಕಳು. ನಗು ಬೇಗ ಆರಿಹೋಯಿತು. "ಆಮೇಲೆ ಎತ್ತಿ ನಿಲ್ಲಿಸ್ತಾರಲ್ಲ, ಅದೇ ಭಯ."

ನಮ್ಮಲ್ಲಿ ಹಬ್ಬದ ದಿನ ದೇವಮಾತೆಯ ಪಟ ಗುಡಿಯಿಂದ ಹೊರಟು ಬಂದರಿಗೆ ಇಳಿಯುತ್ತದೆ. ರೋಗಿಗಳು ದಾರಿಯುದ್ದಕ್ಕೂ ಸಾಲಾಗಿ ಮಲಗುತ್ತಾರೆ. ಪಟ ಹೊತ್ತವರು ಅವರನ್ನು ದಾಟಿಕೊಂಡು ಹೋಗುತ್ತಾರೆ. ಪಟ ದಾಟಿದ ಮೇಲೆ ಯಾರೂ ನೆಲದ ಮೇಲೆ ಉಳಿಯಬಾರದು. ಉಳಿದವರು ವರ್ಷದೊಳಗೆ ಮಣ್ಣಿಗೆ ಹೋಗುತ್ತಾರೆಂದು ನಂಬಿಕೆ. ಏಳಲಾರದವರನ್ನು ಹೆಂಗಸರು ಎತ್ತಿ ನಿಲ್ಲಿಸುತ್ತಾರೆ.

ಪಕ್ಕದ ಮನೆಯ ಸ್ಮಾರೋಳನ್ನು ಕರೆದು ಹೇಳಿದೆ: "ಪಟ ದಾಟಿದ ಕೂಡ್ಲೆ ಇವಳ ಕೈಗೆ ಊರುಗೋಲು ಕೊಟ್ಬಿಡಿ. ಊರುಗೋಲಿಲ್ದೆ ನಿಲ್ಲಿಸಬೇಡಿ."

"ಆನೆಸ್ತಿಸ್ ದೊಡ್ಡಪ್ಪ, ನೀವು ಯಾರಿಗೆ ಹೆದರ್ತೀರ? ದೇವಮಾತೆಗೋ, ಕಂಪನಿಗೋ?"

"ಇಬ್ಬರಿಗೂ."

"ಅಯ್ಯೋ, ನೀವು ಇಷ್ಟು ವರ್ಷ ಗುಡೀಲಿ ಹಾಡಿದ್ದೆಲ್ಲ ದಂಡ ಹಾಗಾದ್ರೆ" ಎಂದು ಸ್ಮಾರೋ ತಲೆಯಲ್ಲಾಡಿಸಿಕೊಂಡು ಹೋದಳು.

ಆ ಆಳನ್ನು ಹಬ್ಬದ ಹಿಂದಿನ ದಿನ ಕಂಡೆ. ಬಿಳಿ ಅಂಗಿ, ಸಣ್ಣ ಪ್ರಾಯ. ಕಾಫಿ ಅಂಗಡಿಯಲ್ಲಿ ನಮ್ಮ ಬೀದಿಗೆ ಮುಖ ಮಾಡಿ ಕೂತಿದ್ದ. ಕಾಫಿ ಆರಿ ಕೆನೆಗಟ್ಟಿತ್ತು. ನನ್ನನ್ನು ನೋಡಿ ಎದ್ದು ವಂದಿಸಿದ. ಮನೆಗೆ ಬಂದು ಕಿಟಕಿಗಳನ್ನೆಲ್ಲ ಮುಚ್ಚಿದೆ. ಸೆಖೆಯಲ್ಲಿ ಇಬ್ಬರೂ ಕತ್ತಲೆಯಲ್ಲಿ ಕೂತೆವು. ಹೊರಗೆ ಚಪ್ಪಲಿ ಸದ್ದು ಕೇಳಿದಾಗೆಲ್ಲ ಆರ್ಗಿರೋ ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

ಹಬ್ಬದ ಬೆಳಿಗ್ಗೆ ಡಾಂಬರು ಆಗಲೇ ಕಾದಿತ್ತು. ಕಂಬಳಿ ಹಾಸಿ ಮಗಳನ್ನು ಮಲಗಿಸಿದೆವು. ಲಾರಿ ಗುದ್ದಿದ ತಿರುವು ಅಲ್ಲಿಂದ ಕಾಣುತ್ತಿತ್ತು. ಅವಳು ಕಣ್ಣು ಮುಚ್ಚಿದಳು. "ಅಪ್ಪ, ನೆಲ ನಡುಗ್ತಿದೆ" ಅಂದಳು. "ಜನ ನಡೀತಿರೋದಮ್ಮ" ಅಂದೆ. ಎದುರು ಬದಿಯಲ್ಲಿ, ಮಕ್ಕಳ ಹಿಂದೆ, ಆ ಬಿಳಿ ಅಂಗಿ. ಫೋನು ಎದೆಯ ಮಟ್ಟದಲ್ಲಿತ್ತು.

ಗಂಟೆ ಹೊಡೆಯಿತು. ತುಳಸಿ ಎಸಳುಗಳಿಂದ ಮುಚ್ಚಿದ ಪಟ ಇಳಿದು ಬಂತು. ಸಾಲಿನಲ್ಲಿ ಮಲಗಿದವರನ್ನು ಒಬ್ಬೊಬ್ಬರನ್ನಾಗಿ ದಾಟಿ ಅವಳ ಮೇಲೆ ಬಂದಾಗ, ಅದರ ನೆರಳು ಅವಳ ಮುಖದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಹೊತ್ತವರಲ್ಲಿ ಒಬ್ಬ ಆಗ ಹೆಗಲು ಬದಲಿಸಿದನಂತೆ, ಅದಕ್ಕೇ ನಿಂತದ್ದು. ಜನ ಹಾಗೆಂದುಕೊಳ್ಳಲಿಲ್ಲ; ಪಟ ಭಾರವಾಗಿ ನಿಂತರೆ ಕೆಳಗಿದ್ದವರು ಗುಣವಾಗುತ್ತಾರೆಂದು ನಂಬಿಕೆ.

"ಭಾರ ಆಯ್ತು ನೋಡ್ರೋ! ಪಟ ಇವಳ ಮೇಲೆ ಭಾರ ಆಯ್ತು!" ಸ್ಮಾರೋ ಕೂಗಿದಳು.

ಪಟ ಮುಂದೆ ಹೋದದ್ದೇ ತಡ, ನಾಲ್ಕಾರು ಹೆಂಗಸರು ಅವಳ ಕಂಕುಳಿಗೆ ಕೈಕೊಟ್ಟು ಎತ್ತಿದರು. ನಾನು ಊರುಗೋಲು ಚಾಚಿದೆ. ಸ್ಮಾರೋ ಅದನ್ನು ಕಿತ್ತು ಚರಂಡಿಗೆ ಎಸೆದಳು. "ಇನ್ನು ಇದ್ಯಾಕೆ ದೊಡ್ಡಪ್ಪ? ಬಿಡ್ರೇ, ಎಲ್ಲರೂ ಕೈ ಬಿಡ್ರೇ, ನಿಲ್ತಾಳೆ!"

ಕೈ ಬಿಟ್ಟರು. ನನ್ನ ಮಗಳು ನಿಂತಳು.

ಮಗಳು ನೆಟ್ಟಗೆ ನಿಂತದ್ದನ್ನು ಕಂಡು ಯಾವ ತಂದೆಯೂ ಹೆದರಬಾರದು. ನಾನು ಹೆದರಿದೆ. ಬಿಳಿ ಅಂಗಿಯವನ ಫೋನು ಕಣ್ಣಿನ ಮಟ್ಟಕ್ಕೆ ಏರಿತ್ತು. ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡು ಅಳುತ್ತಿದ್ದರು. ಆರ್ಗಿರೋ ಜನರತ್ತ ನೋಡಿದಳು, ನನ್ನತ್ತ ನೋಡಿದಳು, ಎದುರು ಬದಿಗೆ ನೋಡಿದಳು. ಆಮೇಲೆ ಬಿದ್ದಳು. ಸೊಂಟ ಡಾಂಬರಿಗೆ ಬಡಿದ ಸದ್ದು ಎಲ್ಲರಿಗೂ ಕೇಳಿತು.

ಯಾರೂ ಹತ್ತಿರ ಬರಲಿಲ್ಲ. ಪಟ ದಾಟಿದ ಮೇಲೆ ನೆಲದಲ್ಲಿ ಬಿದ್ದವಳನ್ನು ಮುಟ್ಟಲು ಅವರಿಗೂ ಭಯ. ಬಿಳಿ ಅಂಗಿಯವನೇ ಓಡಿಬಂದ. ವಿಡಿಯೋ ಮಾಡಿದ ಅದೇ ಫೋನಿನಲ್ಲಿ ಆಂಬುಲೆನ್ಸ್ ಕರೆದ.

ತಿರುಪುಗಳು ಕಿತ್ತುಬಂದಿದ್ದವು. ಮತ್ತೆ ಕೊಯ್ದು ಜೋಡಿಸಿದರು. ಇನ್ನು ಊರುಗೋಲು ಸಾಯುವವರೆಗೂ ತಪ್ಪದು ಎಂದು ಡಾಕ್ಟರು ನನ್ನೊಬ್ಬನಿಗೇ ಹೇಳಿದ. ಅದೇ ವಾರ ಕಲ್ಲೆರ್ಗಿ ಆಸ್ಪತ್ರೆಗೆ ಬಂದಳು.

"ಅವರ ಆಳು ತೆಗೆದ ವಿಡಿಯೋನೇ ನಮಗೆ ಸಾಕ್ಷಿ ಆಯ್ತು, ಆನೆಸ್ತಿಸ್ ಅವರೇ. ಬಿದ್ದಿದ್ದು ಪೂರ್ತಿ ಇದೆ ಅದರಲ್ಲಿ. ಕೋರ್ಟಿಗೂ ಬರಲ್ಲ, ಪರಿಹಾರ ಕೊಡ್ತೀವಿ ಅಂತಿದಾರೆ. ನಾಳೆ ಸಹಿ." ನಗುತ್ತಿದ್ದವಳು ಹಾಸಿಗೆ ಕಡೆ ನೋಡಿ ದನಿ ತಗ್ಗಿಸಿದಳು. "ಕ್ಷಮಿಸಿ. ಒಳ್ಳೆ ಸುದ್ದಿ ಅಂತ ಹೇಳ್ದೆ."

ಕಲ್ಲೆರ್ಗಿ ಹೋದ ಮೇಲೆ ಮಗಳು ನನ್ನತ್ತ ಮುಖ ತಿರುಗಿಸಿದಳು. ಪಕ್ಕದ ಹಾಸಿಗೆ ಖಾಲಿಯಿತ್ತು.

"ಅಪ್ಪ, ಪಟ ನನ್ನ ಮೇಲೆ ಬಂದಾಗ ನೀನು ಏನು ಬೇಡ್ಕೊಂಡೆ?"

"ಇನ್ನೇನು? ಕಾಲು ಕೊಡು ಅಂತ."

"ನಾನು ಈಗ ಬೇಡ ಅಂತ ಬೇಡ್ಕೊಂಡೆ. ಕೋರ್ಟು ಮುಗೀಲಿ, ಆಮೇಲೆ ಕೊಡಮ್ಮ ಅಂತ."

"ದೇವಮಾತೆಗೆ ಅರ್ಥ ಆಗುತ್ತೆ ಬಿಡು" ಅಂದೆ. "ಶಿಲುಬೆಗೆ ಏರಿಸೋ ಮುಂಚೆ ಅವಳ ಮಗನನ್ನೂ ನ್ಯಾಯಾಧೀಶರ ಮುಂದೆ ಎಳ್ಕೊಂಡು ಹೋಗಿದ್ರು."

"ಅದಲ್ಲ ಅಪ್ಪ." ಅವಳು ನನ್ನ ಮಣಿಕಟ್ಟು ಹಿಡಿದಳು. "ಎಲ್ಲರೂ ಕೈ ಬಿಟ್ಟಾಗ ಕಾಲಲ್ಲಿ ಬಲ ಇತ್ತು. ನೋವೇ ಇರ್ಲಿಲ್ಲ. ಅಮ್ಮ ಇದ್ದಾಗ ಹೇಗೆ ನಿಲ್ತಿದ್ನೋ ಹಾಗೇ ನಿಂತಿದ್ದೆ. ಆಮೇಲೆ ಆ ಫೋನು ಕಾಣಿಸ್ತು. ಕಾಲು ತಾನಾಗೇ ಸೋತೋ, ನಾನೇ ಬಿಟ್ಟುಕೊಟ್ನೋ, ನನಗೆ ಗೊತ್ತಾಗ್ತಿಲ್ಲ."

ಅವಳ ತಲೆಯ ಮೇಲ್ಗಡೆ, ಎಲ್ಲ ಹಾಸಿಗೆಗಳ ಮೇಲೂ ಇರುವಂತೆ, ದೇವಮಾತೆಯ ಪುಟ್ಟ ಪಟವೊಂದು ಮೊಳೆಗೆ ತೂಗುತ್ತಿತ್ತು. ಹಜಾರದಲ್ಲಿ ಯಾರೋ ನಡೆದುಬರುವ ಸದ್ದಾಯಿತು.

ನಾನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದೆ.